ಕೆಡದ ದಿನಗಳ ಹೆಜ್ಜೆಗುರುತು

ಬೆಳಿಗ್ಗೆ ಬಸ್ಸು ಹತ್ತುವಾಗ ಸುಲ್ಮಾ ತೆಚೆರಾಳ ಕಂಕುಳಲ್ಲಿ ಬಿಸಿನೀರಿನ ಥರ್ಮಾಸು, ಕೈಯಲ್ಲಿ ಮಾತೆ ಎಂಬ ಕಹಿ ಚಹಾದ ಸೊಪ್ಪು ತುಂಬಿದ ಸೋರೆಬುರುಡೆ, ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ ಇರುತ್ತಿದ್ದವು. "ಲ್ಯಾಪ್‌ಟಾಪ್ ಮರೆತ್ರೆ ಹೇಗೋ ಸುಧಾರಿಸ್ತಾಳೆ, ಥರ್ಮಾಸು ಮರೆತ್ರೆ ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಬರ್ತಾಳೆ" ಎಂದು ಅವಳ ಗಂಡ ವಾಲ್ತೇರ್ ಪೆರಾಲ್ತಾ ನೆರೆಯವರಿಗೆಲ್ಲ ಹೇಳುತ್ತಿದ್ದ. ಮೊಂತೆವಿದೇಯೊ ನಗರದ ಬಸ್ಸು ಓಡಿಸಿ ನಿವೃತ್ತನಾದವನು ಅವನು. ನಿವೃತ್ತನಾದ ಮೇಲೆ ಇಡೀ ದಿನ ಮನೆಯಲ್ಲಿರುತ್ತಿದ್ದ. ಮನೆಗೆಲಸದಲ್ಲಿ ಇರುತ್ತಿರಲಿಲ್ಲ, ಅಷ್ಟೆ.

ಅವರ ಮನೆ ಇದ್ದದ್ದು ಸಯಾಗೊ ಬಡಾವಣೆಯ ವಸತಿ ಸಹಕಾರಿಯೊಂದರಲ್ಲಿ. ಒಂದೇ ಗೇಟಿನೊಳಗಿನ ಆ ಸಾಲುಮನೆಗಳನ್ನು ಕಟ್ಟಿದವರು ಅಲ್ಲಿ ವಾಸಕ್ಕೆ ಬಂದವರೇ. ಪ್ರತಿ ಕುಟುಂಬವೂ ವಾರಕ್ಕೆ ಇಷ್ಟು ಗಂಟೆ ಎಂದು ಮೈಮುರಿದು ದುಡಿದು ಕೊಡಬೇಕಿತ್ತು. ವಾಲ್ತೇರನ ಅಪ್ಪ ಬಂದರಿನ ಕೆಲಸಕ್ಕೆ ಹೋಗುತ್ತಿದ್ದುದರಿಂದ ಆ ಗಂಟೆಗಳಲ್ಲಿ ಮುಕ್ಕಾಲು ಪಾಲು ದುಡಿದವಳು ಅವನ ಅಮ್ಮ ಎಲಿದಾ. ಪುಟ್ಟ ವಾಲ್ತೇರನನ್ನು ಮರಳುಗುಡ್ಡೆಯ ಮೇಲೆ ಆಡಲು ಬಿಟ್ಟು ಅವಳು ಗಾರೆ ಕಲಸಿದಳು, ಇಟ್ಟಿಗೆ ಹೊತ್ತಳು. ಗಂಟೆಗಳೆಲ್ಲ ಗಂಡನ ಹೆಸರಿಗೆ ಜಮೆಯಾದವು. ಮುಂದೆ ಎದುರು ಸಾಲಿನಲ್ಲೊಂದು ಮನೆ ಖಾಲಿಯಾದಾಗ ಸುಲ್ಮಾ ಮತ್ತು ವಾಲ್ತೇರ್ ಅದನ್ನು ಹಿಡಿದರು. ಎಲಿದಾ ತನ್ನ ಒಲೆ ತನಗಿರಲಿ ಎಂದು ಹಳೆ ಮನೆಯಲ್ಲೇ ಉಳಿದಳು. ಸುಲ್ಮಾ ಸಂಜೆ ಕಾಲೇಜಿಗೆ ಸೇರಿ ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದಾಗ ಮಗಳನ್ನು ನೋಡಿಕೊಂಡದ್ದು ಇದೇ ಎಲಿದಾ. ಆ ಕಲಿಕೆ ಮುಗಿಯಲು ಉಳಿದವರಿಗಿಂತ ಎರಡರಷ್ಟು ಕಾಲ ಹಿಡಿಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ.

ಕಲಿತದ್ದು ಸಾರ್ಥಕವಾಯಿತು. ಕೊರ್ದೊನ್ ಬಡಾವಣೆಯ ಹಳೆ ಮನೆಯೊಂದರ ಮಹಡಿಯಲ್ಲಿ ಹತ್ತಾರು ಜನ ಸೇರಿ ನಡೆಸುವ ಸಾಫ್ಟ್‌ವೇರ್ ಸಹಕಾರಿಯಲ್ಲಿ ಸುಲ್ಮಾ ಈಗ ಹಳಬಳು. ಅಲ್ಲಿ ಯಜಮಾನನಿಲ್ಲ. ಎಲ್ಲರಿಗೂ ಒಂದೊಂದು ಮತ, ದೊಡ್ಡದು ಚಿಕ್ಕದು ಎಲ್ಲವೂ ಕೈ ಎತ್ತಿ ತೀರ್ಮಾನ. ಅವರ ಮುಖ್ಯ ಗಿರಾಕಿ ಒಂದು ಆರೈಕೆ ಸಂಸ್ಥೆ. ವಯಸ್ಸಾದವರ, ಹಾಸಿಗೆ ಹಿಡಿದವರ ಮನೆಗೆ ಆರೈಕೆ ಮಾಡುವ ಹೆಂಗಸರನ್ನು ಕಳುಹಿಸುವ ಸಂಸ್ಥೆ ಅದು. ನಾಳೆ ಯಾರು ಯಾರ ಮನೆಗೆ ಹೋಗಬೇಕು ಎಂಬುದನ್ನು ಪ್ರತಿ ಸಂಜೆ ಇವರ ಪ್ರೋಗ್ರಾಂ ತೀರ್ಮಾನಿಸಿ, ಎಲ್ಲರ ಫೋನಿಗೂ ಕಳಿಸುತ್ತಿತ್ತು.

ಅದರಲ್ಲಿ 'ಬದಲಿ ಪಾಳಿ' ಎಂಬ ಭಾಗವನ್ನು ಬರೆದವಳು ಸುಲ್ಮಾ. ಮಗುವಿಗೆ ಜ್ವರ ಬಂದರೆ, ಅಮ್ಮ ಜಾರಿ ಬಿದ್ದರೆ, ಶಾಲೆಗೆ ದಿಢೀರ್ ರಜೆ ಕೊಟ್ಟರೆ, ಆರೈಕೆಯವಳು ತನ್ನ ಪಾಳಿಯನ್ನು ಇನ್ನೊಬ್ಬಳಿಗೆ ಕೊಟ್ಟು ಅವಳದನ್ನು ತಾನು ತೆಗೆದುಕೊಳ್ಳಬಹುದು, ಮೇಲ್ವಿಚಾರಕರ ಕಾಲು ಹಿಡಿಯಬೇಕಿಲ್ಲ. ಮನೆ ನಡೆಸುವ ಹೆಂಗಸಿನ ದಿನ ಎಷ್ಟು ಬಗೆಯಲ್ಲಿ ತಲೆಕೆಳಗಾಗಬಹುದೋ ಅಷ್ಟನ್ನೂ ಸುಲ್ಮಾ ಅದರೊಳಗೆ ಬರೆದಿದ್ದಳು. ಹಾಗಾಗಿ ಇಡೀ ಪ್ರೋಗ್ರಾಮಿನಲ್ಲಿ ಅದೇ ದೊಡ್ಡ ಭಾಗ.

ಆ ಚಳಿಗಾಲದಲ್ಲಿ ಪ್ರೋಗ್ರಾಂ ಕೆಡತೊಡಗಿತು. ಯಾವಾಗಲೋ ಒಮ್ಮೆ, ಯಾವುದೋ ಮನೆಯ ಬಾಗಿಲಲ್ಲಿ ಇಬ್ಬರು ಆರೈಕೆಯವರು ಮುಖಾಮುಖಿಯಾಗಿ ನಿಲ್ಲುತ್ತಿದ್ದರು. ಇನ್ನೊಂದು ಮನೆಗೆ ಯಾರೂ ಹೋಗಿರುತ್ತಿರಲಿಲ್ಲ. ಸಂಸ್ಥೆಯವರು ಕೈಯಿಂದ ಸರಿಪಡಿಸುತ್ತಿದ್ದರು, ಸ್ವಲ್ಪ ದಿನ ಬಿಟ್ಟು ಇನ್ನೆಲ್ಲೋ ಅದೇ ಕತೆ. ಕೊನೆಗೊಂದು ದಿನ ಒಲ್ಗಾ ಬೆಂತಾನ್ಕೋರ್ ಎಂಬ ಮುದುಕಿ ಮಧ್ಯಾಹ್ನದವರೆಗೆ ಒದ್ದೆ ಹಾಸಿಗೆಯಲ್ಲೇ ಮಲಗಿದ್ದಳು. ಗೋಡೆಯಾಚೆಯವರು ಅವಳ ಕೂಗು ಕೇಳಿ ಬಾಗಿಲು ತೆರೆಸಿದರು. ತಪ್ಪು ಎಲ್ಲಿದೆ ಹೇಳಿ, ಅದನ್ನು ಕಿತ್ತುಹಾಕಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತು ಸಂಸ್ಥೆ.

ಸಾವಿರಾರು ಸಾಲುಗಳ ಪ್ರೋಗ್ರಾಮಿನಲ್ಲಿ ತಪ್ಪನ್ನು ಕಣ್ಣಲ್ಲಿ ಹುಡುಕುವುದು ಕಷ್ಟ. ಅದಕ್ಕೆಂದೇ ಒಂದು ಯಂತ್ರವಿದೆ. ಪ್ರೋಗ್ರಾಂ ಓಡುವಾಗ ಯಾವ ಸಾಲುಗಳನ್ನು ತುಳಿದು ಹೋಯಿತೋ ಆ ಹೆಜ್ಜೆಗುರುತನ್ನು ಅದು ಹಿಡಿದಿಟ್ಟು, ಪ್ರತಿ ಸಾಲಿಗೂ ಅನುಮಾನದ ಅಂಕ ಕೊಡುತ್ತದೆ. ಅದನ್ನು ತಂದು ಜೋಡಿಸಿದವನು ನಾಚೊ, ಆಫೀಸಿನಲ್ಲಿ ಎಲ್ಲರಿಗಿಂತ ಕಿರಿಯ. ಅದಕ್ಕೆ 'ಬೇಟೆನಾಯಿ' ಎಂದು ಹೆಸರಿಟ್ಟವನೂ ಅವನೇ.

ಶುಕ್ರವಾರ ಮಧ್ಯಾಹ್ನ ಅವನು ಕುರ್ಚಿ ತಿರುಗಿಸಿ ಕೂಗಿದ. "ನಾಯಿ ಬೊಗಳ್ತು! ಬನ್ನಿ, ನೋಡಿ."

ಎಲ್ಲರೂ ಅವನ ಬೆನ್ನ ಹಿಂದೆ ನಿಂತರು. ಪರದೆಯ ಮೇಲಿನಿಂದ ಕೆಳಗಿನವರೆಗೂ ಕೆಂಪು ಸಾಲುಗಳು. ನಾಚೊ ಸ್ವಲ್ಪ ಕೆಮ್ಮಿದ. "ಎಲ್ಲಾ ಬದಲಿ ಪಾಳೀದೇ. ಒಂದು ಕೆಟ್ಟ ದಿನಾನೂ ಬಿಡದ ಹಾಗೆ ಅಲ್ಲಿ ಹೆಜ್ಜೆ ಇದೆ."

"ಅದು ನಾನು ಬರೆದಿದ್ದು" ಎಂದಳು ಸುಲ್ಮಾ.

"ಗೊತ್ತು ಸುಲ್ಮಾ. ನಿಮ್ಮ ಹೆಸರು ನಾನು ಹೇಳ್ಲಿಲ್ಲ, ನಾಯಿ ಹೇಳ್ತು."

ಆ ವರ್ಷ ಎಲ್ಲರ ಪರವಾಗಿ ಗಿರಾಕಿಗಳ ಜೊತೆ ಮಾತಾಡುವ ಸರದಿ ಎಸ್ತೇಬಾನನದು. ಅವನು ಸುಲ್ಮಾಳ ಮುಖ ನೋಡದೆ ಹೇಳಿದ. "ನೋಡು ಸುಲ್ಮಾ, ಬೇಜಾರು ಮಾಡ್ಕೋಬೇಡ. ಗಿರಾಕಿಗೆ ಏನಾದ್ರೂ ಒಂದು ಹೇಳ್ಬೇಕಲ್ಲ. ಸೋಮವಾರದ ಮೀಟಿಂಗಲ್ಲಿ ಕೈ ಎತ್ತೋಣ. ಒಪ್ಪಿಗೆಯಾದ್ರೆ ಅವತ್ತೇ ಬದಲಿ ಪಾಳಿ ಮುಚ್ಚೋಣ. ಮೊದ್ಲು ಹೇಗಿತ್ತೋ ಹಾಗೆ, ಮೇಲ್ವಿಚಾರಕರಿಗೆ ಫೋನ್ ಮಾಡಿ ರಜೆ ಕೇಳ್ಲಿ."

"ಮೊದ್ಲು ಹೇಗಿತ್ತು ಅಂತ ನಿಂಗೆ ಗೊತ್ತಾ?"

"ನಡೀತಿತ್ತಲ್ಲ."

"ನಡೀತಿತ್ತು. ಎರಡು ಸಲ ರಜೆ ಕೇಳಿದೋಳನ್ನ ಮೂರನೇ ಸಲ ಖಾಯಂ ಮನೆಗೆ ಕಳಿಸ್ತಿದ್ರು."

ಎಸ್ತೇಬಾನ್ ತನ್ನ ಕುರ್ಚಿಗೆ ಹಿಂದಿರುಗಿದ. ಸುಲ್ಮಾ ಕೆಂಪು ಸಾಲುಗಳನ್ನು ಇನ್ನೊಮ್ಮೆ ನೋಡಿದಳು. ಆ ನಾಯಿಯನ್ನು ಸಾಕೋಣ ಎಂದು ಮೊದಲು ಕೈ ಎತ್ತಿದವಳು ಅವಳೇ.

ಸಂಜೆ ಮನೆಗೆ ಬಂದು ಮಸೂರ ಬೇಳೆಯ ಗಟ್ಟಿ ಸಾರಿಗೆ ಈರುಳ್ಳಿ ಹೆಚ್ಚಿದಳು. ಸಾರು ಕುದಿಯಲು ಶುರುವಾಗುವ ಹೊತ್ತಿಗೆ ಒಲೆಯ ಉರಿ ಸಣ್ಣದಾಗಿ, ನೀಲಿ ಚುಕ್ಕಿಗಳಾಗಿ, ಆರಿಹೋಯಿತು. ಸುಲ್ಮಾ ಸಿಲಿಂಡರನ್ನು ಅಲುಗಾಡಿಸಿ ನೋಡಿದಳು. ಖಾಲಿ.

ವಾಲ್ತೇರ್ ಅಡುಗೆಮನೆಯ ಬಾಗಿಲಿಗೆ ಒರಗಿ ಮಾತೆ ಹೀರುತ್ತಿದ್ದ. "ಮತ್ತೆ ಮುಗೀತಾ? ವಿಚಿತ್ರ ನೋಡು ಮುದುಕಿ, ಈ ಗ್ಯಾಸು ಮುಗಿಯೋದು ಯಾವಾಗ್ಲೂ ನೀನು ಒಲೆ ಮುಂದೆ ಇರುವಾಗ್ಲೇ. ನನ್ನ ಕೈಯಲ್ಲಿ ಒಂದು ಸಲಾನೂ ಮುಗಿದಿಲ್ಲ."

"ನಿನ್ನ ಕೈಯಲ್ಲಿ ಹೇಗೆ ಮುಗಿಯುತ್ತೆ ಮುದುಕ? ಒಲೆ ಹಚ್ಚಿದ್ರೆ ತಾನೇ."

"ಅದಲ್ಲ, ನಿನ್ನ ಕೈಗುಣ ಅಂತೀನಿ."

"ಕೈಗುಣವಂತೆ! ಗ್ಯಾಸು ಮುಗೀದೇ ಇರೋ ದಿನಾನೂ ಒಲೆ ಮುಂದೆ ಇರೋಳು ನಾನೇ. ಆ ದಿನಾನ ಯಾರು ಲೆಕ್ಕ..."

ಮಾತು ಅಲ್ಲೇ ನಿಂತಿತು. ವಾಲ್ತೇರ್ ಮುಂದಿನ ಬೈಗುಳಕ್ಕೆ ಕಾದ. ಬರಲಿಲ್ಲ. ಸುಲ್ಮಾ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು.

"ನಾಚೊ, ನಾಯಿಗೆ ಒಳ್ಳೆ ದಿನದ ಹೆಜ್ಜೆ ಎಷ್ಟು ಕೊಟ್ಟಿದ್ದೆ?"

"ಒಳ್ಳೆ ದಿನದ್ದಾ? ಅದೆಲ್ಲಿದೆ? ಬಾಡಿಗೆ ಡಿಸ್ಕು ತುಂಬಿಹೋಗ್ತಿತ್ತು ಅಂತ ದೂರು ಬರದ ದಿನದ್ದೆಲ್ಲ ತಾನಾಗೇ ಅಳಿಸಿಹೋಗೋ ಹಾಗೆ ಮಾಡಿದ್ವಲ್ಲ. ಎಲ್ಲಾರೂ ಕೈ ಎತ್ತಿದ್ವಿ. ನೀವೂ ಎತ್ತಿದ್ರಿ."

ಎತ್ತಿದ್ದಳು. ಚೆನ್ನಾಗಿ ನಡೆದ ದಿನವನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಅವತ್ತು ಅವಳಿಗೂ ಅನಿಸಿತ್ತು.

"ಹಾಗಾದ್ರೆ ನಿನ್ನ ನಾಯಿಗೆ ಕೆಟ್ಟ ದಿನ ಬಿಟ್ರೆ ಬೇರೇನೂ ಗೊತ್ತಿಲ್ಲ."

"ಆದ್ರೂ ಸುಲ್ಮಾ, ಒಂದೇ ಒಂದು ಕೆಟ್ಟ ದಿನಾನೂ ಬದಲಿ ಪಾಳಿ ತಪ್ಪಿಸಿಕೊಂಡಿಲ್ಲ."

"ಒಳ್ಳೆ ದಿನ ತಪ್ಪಿಸಿಕೊಂಡಿದೆ ಅಂತ ನಿಂಗೆ ಹೇಗೆ ಗೊತ್ತಪ್ಪ? ಕೆಟ್ಟ ದಿನ ಓಡಿದ ಭಾಗಗಳು ಇನ್ನೂ ತುಂಬಾ ಇರ್ಬಹುದು. ನನ್ನದು ದೊಡ್ಡದು, ಅದಕ್ಕೆ ಪರದೆ ತುಂಬ ಅದೇ ಕಾಣುತ್ತೆ. ಕೆಳಗೆ ಇನ್ನೇನಿತ್ತು ಅಂತ ನೋಡಿದ್ಯಾ?"

ಆಚೆ ಕಡೆ ಚಮಚದ ಸದ್ದು. "ಊಟ ಮಾಡ್ತಿದೀನಿ ಸುಲ್ಮಾ."

"ಯಾರು ಮಾಡಿದ್ದು?"

"...ಅಮ್ಮ."

"ಚೆನ್ನಾಗಿದೆ ಅಂತ ಹೇಳು ಅವರಿಗೆ. ಬರೀ ಉಪ್ಪು ಕಮ್ಮಿಯಾದ ದಿನ ಮಾತ್ರ ಬಾಯಿ ಬಿಡ್ಬೇಡ."

ಹೆಜ್ಜೆಗುರುತು ಅಳಿಸಿಹೋಗಿದ್ದರೂ ಆ ದಿನಗಳು ಅಳಿಸಿರಲಿಲ್ಲ. ಯಾವ ದಿನ ಯಾರು ಯಾರ ಮನೆಗೆ ಹೋಗಬೇಕಿತ್ತು, ಯಾರು ಬದಲಿ ಕೇಳಿದ್ದರು ಎಂಬುದೆಲ್ಲ ಸಂಸ್ಥೆಯ ದಾಖಲೆಯಲ್ಲಿತ್ತು. ಆ ಹಳೆ ದಿನಗಳನ್ನು ಒಂದೊಂದಾಗಿ ಮತ್ತೆ ಪ್ರೋಗ್ರಾಮಿಗೆ ಕೊಟ್ಟು ಓಡಿಸಿದರೆ ಹೆಜ್ಜೆಗುರುತು ಹೊಸದಾಗಿ ಬೀಳುತ್ತದೆ. ಲ್ಯಾಪ್‌ಟಾಪು ಭಾನುವಾರ ಮಧ್ಯಾಹ್ನದವರೆಗೂ ಎಡೆಬಿಡದೆ ದುಡಿಯಬೇಕು. ಸುಲ್ಮಾ ಅದನ್ನು ಫ್ರಿಜ್ಜಿನ ತಲೆಯ ಮೇಲಿಟ್ಟು, ವಾಲ್ತೇರ್ ಪ್ಲಗ್ಗು ಕೀಳದ ಹಾಗೆ ತಂತಿಗೆ ಕೆಂಪು ದಾರ ಕಟ್ಟಿದಳು.

ಶನಿವಾರ ಅವಳು ಬಟ್ಟೆ ಒಣಹಾಕುತ್ತಿದ್ದಾಗ ಕೊನೇ ಸಾಲಿನ ಶೀರ್ಲಿ ಬಂದಳು. ಶೀರ್ಲಿ ಅದೇ ಆರೈಕೆ ಸಂಸ್ಥೆಯಲ್ಲಿ ಕೆಲಸ ಮಾಡುವವಳು. ಅವಳ ಪುಟ್ಟ ಮಗಳಿಗೆ ಉಬ್ಬಸ. ಗೋಡೆ ಬೆವರುವ ಆ ಊರಿನ ಚಳಿಗಾಲದಲ್ಲಿ ಮಗುವಿನ ಎದೆ ಸಿಳ್ಳೆ ಹಾಕದ ವಾರವಿಲ್ಲ. ಬದಲಿ ಪಾಳಿ ಬರುವ ಮೊದಲು ಇದೇ ಕಾರಣಕ್ಕೆ ಎರಡು ಕೆಲಸ ಕಳೆದುಕೊಂಡಿದ್ದಳು. ತಾನೇ ಕ್ಲಿಪ್ಪು ತೆಗೆದುಕೊಂಡು ಒದ್ದೆ ದಿಂಬಿನ ಚೀಲಗಳನ್ನು ತಂತಿಗೆ ಸಿಕ್ಕಿಸುತ್ತಾ ಕೇಳಿದಳು.

"ಬದಲಿ ನಿಲ್ಲಿಸ್ತಾರಂತೆ, ನಿಜಾನಾ ಸುಲ್ಮಾ? ಹುಡುಗೀರೆಲ್ಲ ಮಾತಾಡ್ಕೋತಿದಾರೆ."

"ಸೋಮವಾರ ತೀರ್ಮಾನ ಆಗುತ್ತೆ."

"ಮಂಗಳವಾರ ಮಗೂಗೆ ಎದೆ ಡಾಕ್ಟರ ಹತ್ರ ಸರದಿ ಬಂದಿದೆ. ಬೇಸಿಗೇಲಿ ಹೆಸರು ಬರೆಸಿದ್ದು. ಮಿರ್ಯಾಮ್ ಜೊತೆ ಬದಲಿ ಮಾಡ್ಕೊಂಡಿದೀನಿ. ಅದೂ ಹೋಗುತ್ತಾ?"

"ಮುಚ್ಚಿದ್ರೆ ಹೋಗುತ್ತೆ."

ಶೀರ್ಲಿ ಇನ್ನೊಂದು ದಿಂಬಿನ ಚೀಲ ಕೊಡವಿದಳು. "ನೀನು ಬರೆದಿದ್ರಲ್ಲಿ ತಪ್ಪಿದ್ರೆ ತಿದ್ದಕ್ಕಾಗಲ್ವಾ? ನಾನು ಅಡುಗೆ ಸೀದ್ರೆ ಪಾತ್ರೆ ಉಜ್ತೀನಿ, ಒಲೆ ಬಿಸಾಕ್ತೀನಾ?"

"ತಪ್ಪಿದ್ಯೋ ಇಲ್ವೋ ಅದೇ ಗೊತ್ತಿಲ್ಲ ಕಣೇ. ಆ ಡಬ್ಬ ಹುಡುಕ್ತಿದೆ ನೋಡು, ಫ್ರಿಜ್ಜಿನ ಮೇಲೆ ಕೂತು."

ಭಾನುವಾರ ಮನೆಯಲ್ಲಿ ಬೆಂಕಿಯಡುಗೆ. ವಾಲ್ತೇರ್ ಬೆಳಿಗ್ಗೆಯೇ ಸೌದೆ ಹಚ್ಚಿ, ಕೆಂಡ ಮಾಡಿ, ಪಕ್ಕೆಲುಬಿನ ಮಾಂಸ ಹರಡಿ, ಕೈಯಲ್ಲಿ ವೈನಿನ ಲೋಟ ಹಿಡಿದು ಒಲೆಯ ಮುಂದೆ ನಿಂತ. ಅವನ ತಮ್ಮನ ಮನೆಯವರು ಬಂದರು, ಎಲಿದಾ ಎದುರು ಮನೆಯಿಂದ ಆಲೂಗೆಡ್ಡೆ ಸಲಾಡು ತಂದಳು. ಸುಲ್ಮಾ ಎಲೆಕೋಸು ಹೆಚ್ಚಿದಳು, ಬ್ರೆಡ್ಡು ತಂದಳು, ನೆರೆಮನೆಯಿಂದ ಕುರ್ಚಿ ಎರವಲು ತಂದಳು, ಮಾಂಸಕ್ಕೆ ಉಪ್ಪು ಎಲ್ಲಿದೆ ಎಂದು ಕೇಳಿದವನಿಗೆ ಉಪ್ಪು ಕೊಟ್ಟಳು, ಹಲಗೆ ಕೇಳಿದವನಿಗೆ ಹಲಗೆ ಕೊಟ್ಟಳು. ಮೊದಲ ತುಂಡು ತಟ್ಟೆಗೆ ಬಿದ್ದಾಗ ವಾಲ್ತೇರನ ತಮ್ಮ ಎಂದಿನಂತೆ ಎದ್ದು ನಿಂತ. "ಬೆಂಕಿ ನೋಡಿಕೊಂಡವನಿಗೆ ಒಂದು ಚಪ್ಪಾಳೆ!" ಎಲ್ಲರೂ ತಟ್ಟಿದರು. ಸುಲ್ಮಾ ಕೂಡ ಒದ್ದೆ ಕೈಯಲ್ಲೇ ತಟ್ಟಿದಳು. ಎಷ್ಟೋ ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು.

ತಟ್ಟೆ ಎತ್ತುವ ನೆಪದಲ್ಲಿ ಒಳಗೆ ಬಂದು ಲ್ಯಾಪ್‌ಟಾಪು ಇಳಿಸಿದಳು. ಓಟ ಮುಗಿದಿತ್ತು. ಈ ಸಲ ನಾಯಿಗೆ ಕೆಟ್ಟ ದಿನಗಳ ಜೊತೆ ಒಳ್ಳೆಯ ದಿನಗಳೂ ಸಿಕ್ಕಿದ್ದವು. ಕೆಟ್ಟಾಗಲೂ ಕೆಡದಾಗಲೂ ಒಂದೇ ಸಮ ತುಳಿತಕ್ಕೆ ಸಿಕ್ಕ ಸಾಲಿನ ಮೇಲಿನ ಅನುಮಾನ ಇಳಿಯುತ್ತದೆ. ಕೆಟ್ಟಾಗ ಮಾತ್ರ ತುಳಿದ ಸಾಲಿನ ಅಂಕ ಏರುತ್ತದೆ. ಬದಲಿ ಪಾಳಿ ಪಟ್ಟಿಯ ತಳಕ್ಕೆ ಹೋಗಿ ಬಿದ್ದಿತ್ತು. ಅದು ನಡೆಯದ ದಿನವೇ ಇರಲಿಲ್ಲ. ಪ್ರತಿ ದಿನವೂ ಯಾರದೋ ಮಗುವಿಗೆ ಜ್ವರ, ಯಾರದೋ ಅಮ್ಮನಿಗೆ ಆಸ್ಪತ್ರೆ, ಪ್ರತಿ ದಿನವೂ ಒಬ್ಬಳ ಪಾಳಿಗೆ ಇನ್ನೊಬ್ಬಳು. ದೂರು ಬಾರದ ಆ ದಿನಗಳನ್ನೆಲ್ಲ ಎತ್ತಿ ಹಿಡಿದಿದ್ದುದೇ ಆ ಭಾಗ.

ಪಟ್ಟಿಯ ತುದಿಯಲ್ಲಿ ಈಗ ಪುಟ್ಟದೊಂದು ತುಣುಕು ಕೂತಿತ್ತು. ಸಂಸ್ಥೆಯವರು ಆರೈಕೆ ಪಡೆಯುವ ಹೊಸಬರ ಹೆಸರು ಸೇರಿಸಿದ ದಿನ ಮಾತ್ರ ಅದು ಓಡುತ್ತಿತ್ತು. ಒಂದೇ ಮನೆ ಎರಡು ಸಲ ದಾಖಲಾಗಿದ್ದರೆ ಹುಡುಕಿ ಒಂದು ಮಾಡುವುದು ಅದರ ಕೆಲಸ. ಬರೆದವನು ನಾಚೊ. ಓದಿ ಒಪ್ಪಿಗೆ ಕೊಟ್ಟವಳು ಸುಲ್ಮಾ. ಬಸ್ಸಿನಲ್ಲಿ ನಿಂತು, ಒಂದು ಕಿವಿಯಲ್ಲಿ ಮಗಳ ಫೋನ್ ಮಾತು ಕೇಳುತ್ತಾ, ಸಾರಿಗೆ ಏನು ತರಬೇಕೆಂದು ಯೋಚಿಸುತ್ತಾ ಒಪ್ಪಿಗೆ ಒತ್ತಿದ್ದು ಅವಳಿಗೆ ನೆನಪಿತ್ತು.

ನಾಯಿ ಜಾಗ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಸುಲ್ಮಾ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಮನೆತನದ ಹೆಸರು ಒಂದೇ, ಬೀದಿ ಒಂದೇ, ವಿಳಾಸದ ನಂಬರು ಒಂದೇ ಆಗಿದ್ದರೆ ಅದು ಒಂದೇ ಮನೆ. ಸರಿಯಾಗೇ ಇದೆಯಲ್ಲ ಎನಿಸಿತು.

ಅಷ್ಟರಲ್ಲಿ ಎಲಿದಾ ಐಸಿನ ಚೀಲವನ್ನು ಎದೆಗವಚಿಕೊಂಡು ಒಳಬಂದಳು. "ತಗೋ ಮಗಳೇ, ಕೈ ಮರಗಟ್ಟಿಹೋಯ್ತು. ಬೆಕ್ಕಿಗೆ ಮೀನು ಹಾಕೋಣ ಅಂತ ಮನೆಗೆ ಹೋದ್ರೆ ಐಸಿನವನು ನನ್ನ ಬಾಗಿಲಲ್ಲಿ ನಿಂತಿದಾನೆ. ನಿನ್ನ ಗಂಡ ಗೇಟಿನ ನಂಬರು ಹೇಳಿ, ಪೆರಾಲ್ತಾ ಅಂತ ಹೇಳಿ ಫೋನಿಟ್ಟನಂತೆ. ಈ ಗೇಟಿನೊಳಗೆ ಎಷ್ಟು ಬಾಗಿಲಿದೆ ಅನ್ನೋದು ಅವನಿಗೆ ಗೊತ್ತಿಲ್ವಾ? ಅದರಲ್ಲಿ ಅರ್ಧ ಮನೆಗಳಿಗೆ ಇಟ್ಟಿಗೆ ಹೊತ್ತೋಳು ನಾನು. ನನ್ನ ಬಾಗಿಲೂ ಪೆರಾಲ್ತಾ, ನಿಮ್ಮ ಬಾಗಿಲೂ ಪೆರಾಲ್ತಾ, ಹಾಗಂತ ನಮ್ಮಿಬ್ಬರದ್ದೂ ಒಂದೇ ಮನೆನಾ?"

ಸುಲ್ಮಾ ಐಸು ತೆಗೆದುಕೊಳ್ಳಲಿಲ್ಲ. ಅತ್ತೆಯ ಮುಖವನ್ನೇ ನೋಡಿದಳು. "ಇನ್ನೊಂದ್ಸಲ ಹೇಳಿ, ಎಲಿದಾ ಅತ್ತೆ."

"ಏನು ಹೇಳ್ಲಿ? ಐಸು ಕರಗ್ತಿದೆ!"

ಸುಲ್ಮಾ ಒಲ್ಗಾ ಬೆಂತಾನ್ಕೋರಳ ದಾಖಲೆ ತೆರೆದಳು. ಬೇರೊಂದು ಬಡಾವಣೆಯ ವಸತಿ ಸಹಕಾರಿ. ಗೇಟು ಒಂದು, ನಂಬರು ಒಂದು. ಮೊದಲ ಸಾಲಿನಲ್ಲಿ ಒಲ್ಗಾ, ಹಿಂದಿನ ಸಾಲಿನಲ್ಲಿ ಮದುವೆಯಾಗದ ಅವಳ ತಂಗಿ. ಪ್ರೋಗ್ರಾಂ ಇಬ್ಬರ ಮನೆಯನ್ನೂ ಒಂದೇ ಮಾಡಿ, ಇಬ್ಬರ ಆರೈಕೆಯವರನ್ನೂ ತಂಗಿಯ ಬಾಗಿಲಿಗೆ ಕಳಿಸಿತ್ತು. ಬೇರೆ ಕೆಟ್ಟ ದಿನಗಳನ್ನೂ ತೆರೆದಳು. ತಾಯಿ ಮಗ, ಅಣ್ಣ ತಮ್ಮ, ಇನ್ನೊಂದು ಜೊತೆ ಅಕ್ಕತಂಗಿಯರು. ಎಲ್ಲರೂ ಇಂಥ ಗೇಟಿನೊಳಗಿನವರೇ. ಕೊನೆಗೆ ಆ ತುಣುಕನ್ನು ತೆಗೆದಿಟ್ಟು ಅದೇ ಕೆಟ್ಟ ದಿನಗಳನ್ನು ಮತ್ತೆ ಓಡಿಸಿದಳು. ಒಂದೂ ಕೆಡಲಿಲ್ಲ.

ಹೊರಗಿನಿಂದ ವಾಲ್ತೇರ್ ಕೂಗಿದ. "ಮುದುಕೀ, ಈ ಕೆಂಡದ ಮೇಲೆ ಕಾಫಿ ಮಾಡ್ತೀಯಾ?"

"ನಂಗೆ ಕೆಲ್ಸ ಇದೆ. ಮಾಡಿದ್ರೆ ನಂಗೂ ಒಂದು ಲೋಟ ಕೊಡು."

ಅಷ್ಟರಲ್ಲಿ ಎಲಿದಾ ಐಸು ಹೊರಗೆ ಒಯ್ದಿದ್ದಳು. ಅವಳು ನಕ್ಕ ಸದ್ದು ಕೇಳಿಸಿತು.

ಸೋಮವಾರದ ಮೀಟಿಂಗಿನಲ್ಲಿ ಸುಲ್ಮಾ ಎರಡು ಪಟ್ಟಿಗಳನ್ನೂ ಗೋಡೆಯ ಮೇಲೆ ಪಕ್ಕಪಕ್ಕ ಹಾಕಿದಳು. ನಾಚೊನ ಕಿವಿ ಕೆಂಪಾಯಿತು.

"ನನ್ನ ತುಣುಕಾ?"

"ನೀನು ಬರೆದಿದ್ದು, ನಾನು ಒಪ್ಪಿದ್ದು. ನೀನು ಪ್ರತಿ ಬಾಗಿಲಿಗೂ ನಂಬರಿರೋ ಬೀದೀಲಿ ಬೆಳೆದೋನು. ನಾನು ಗೇಟಿನೊಳಗೇ ಬದುಕ್ತಿರೋಳು, ನಂಗೆ ಹೊಳೀಬೇಕಿತ್ತು. ಹೊಳೀಲಿಲ್ಲ."

ಎಸ್ತೇಬಾನ್ ಗಲ್ಲ ಕೆರೆದುಕೊಂಡ. "ಗಿರಾಕಿಗೆ ನಾನು ಶುಕ್ರವಾರಾನೇ ಬದಲಿ ಪಾಳೀದೇ ತಪ್ಪು ಅಂತ ಸೂಚನೆ ಕೊಟ್ಟುಬಿಟ್ಟಿದೀನಲ್ಲ."

"ಹಾಗಾದ್ರೆ ಇವತ್ತು ಅಲ್ಲ ಅಂತ ಸೂಚನೆ ಕೊಡು. ಒಲ್ಗಾ ಬೆಂತಾನ್ಕೋರ್‌ಗೂ ಒಂದು ಫೋನು ಮಾಡು. ಅವಳಿಗೆ ಯಾಕೆ ಹಾಗಾಯ್ತು ಅಂತ ಯಾರೂ ಹೇಳಿಲ್ಲ."

ಕೈಗಳು ಎದ್ದವು. ಬದಲಿ ಪಾಳಿ ಉಳಿಯಿತು. ನಾಚೊನ ತುಣುಕು, ಬಾಗಿಲಿನ ಗುರುತನ್ನೂ ಕೇಳುವಂತೆ ತಿದ್ದುವವರೆಗೆ ಹೊರಗೆ. ಇನ್ನು ಮುಂದೆ ಒಳ್ಳೆಯ ದಿನಗಳ ಹೆಜ್ಜೆಯನ್ನೂ ಇಟ್ಟುಕೊಳ್ಳಬೇಕು ಎಂದಾಗ, ದೊಡ್ಡ ಡಿಸ್ಕಿಗೆ ದುಡ್ಡೆಲ್ಲಿ ಎಂದು ಎಸ್ತೇಬಾನ್ ಕೇಳಿದ. ಶುಕ್ರವಾರದ ಬೆಣ್ಣೆ ಬನ್ನು ನಿಲ್ಲಿಸೋಣ ಎಂದರು ಯಾರೋ.

"ಬನ್ನು ಮುಟ್ಬೇಡಿ" ಎಂದ ನಾಚೊ. "ಡ್ರಾಯರಲ್ಲಿ ಹಳೇ ಡಿಸ್ಕುಗಳಿವೆ. ನಾನೇ ಜೋಡಿಸ್ತೀನಿ."

ಮಂಗಳವಾರ ಶೀರ್ಲಿಯ ಪಾಳಿಗೆ ಮಿರ್ಯಾಮ್ ಹೋದಳು. ಶೀರ್ಲಿ ಮಗಳನ್ನು ಕರೆದುಕೊಂಡು ಎದೆ ಡಾಕ್ಟರ ಬಾಗಿಲಲ್ಲಿ ಕೂತಳು. ಆಫೀಸಿನ ಫೋನು ದೂರು ಹೇಳಲು ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಹೊರಡುವ ಮೊದಲು ಸುಲ್ಮಾ ಹೆಜ್ಜೆಗುರುತಿನ ಕಡತ ತೆರೆದು ನೋಡಿದಳು. ಆ ದಿನದ್ದು ಅಳಿಸಿರಲಿಲ್ಲ. ಶೀರ್ಲಿ ಮತ್ತು ಮಿರ್ಯಾಮ್ ಬದಲಾಯಿಸಿಕೊಂಡ ಸಾಲುಗಳ ಮೇಲೆ ಗುರುತು ಬಿದ್ದಿತ್ತು.

ಮನೆಗೆ ಬಂದಾಗ ವಾಲ್ತೇರ್ ಹೊಸ ಸಿಲಿಂಡರನ್ನು ಒಲೆಗೆ ಜೋಡಿಸಿ, ಕೈ ಒರೆಸಿಕೊಂಡು, ಅದರ ಪಕ್ಕದಲ್ಲೇ ನಿಂತಿದ್ದ.

"ಏನಾಯ್ತು ಇವತ್ತು ಆಫೀಸಲ್ಲಿ?"

"ಏನೂ ಆಗ್ಲಿಲ್ಲ. ಅದನ್ನೇ ಎತ್ತಿಟ್ಕೊಂಡಿದೀವಿ."

ಅವನಿಗೆ ಅರ್ಥವಾಗಲಿಲ್ಲ. "ಗ್ಯಾಸು ತಂದಿದೀನಿ ನೋಡು."

"ನೋಡ್ದೆ. ಒಲೆ ಹಚ್ಚು ಹಾಗಾದ್ರೆ. ಬೇಳೆ ನೆನೆದಿದೆ."

ವಾಲ್ತೇರ್ ಒಂದು ಡ್ರಾಯರ್ ಎಳೆದ, ಇನ್ನೊಂದು ಎಳೆದ. "ಲೈಟರ್ ಎಲ್ಲಿಟ್ಟಿದೀಯ?"

ಸುಲ್ಮಾ ಚಪ್ಪಲಿ ಕಳಚಿ, ಕುರ್ಚಿ ಎಳೆದುಕೊಂಡು ಕೂತಳು. "ಹುಡುಕು" ಎಂದಳು.